ಸಂಚಿಯಿಂದ ಕೈಚೀಲಕ್ಕೆ

ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಚೀಲದ ಹೆಸರಿನಿಂದಲೇ ಗುರುತಾಗಿರುವವರು ಇಬ್ಬರು ನನಗೆ ನೆನಪಾಗುತ್ತಾರೆ. ಒಬ್ಬ, 12ನೆಯ ಶತಮಾನದ ವಚನಕಾರ, ಬಸವಣ್ಣನವರ ಸಮೀಪವರ್ತಿ ಹಡಪದ ಅಪ್ಪಣ್ಣ. ಇನ್ನೊಬ್ಬಳು, ಚಿಕ್ಕದೇವರಾಜ ಒಡೆಯರ ಆಸ್ಥಾನದ ಆಶ್ರಯದಲ್ಲಿದ್ದು 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿಯ ಹೊನ್ನಮ್ಮ. ಹಡಪವೆಂದರೂ ಸಂಚಿಯೆಂದರೂ ಎಲೆಯಡಿಕೆಯ ಚೀಲವೇ. ತರಗತಿಯಲ್ಲಿ ಈ ಹೆಸರುಗಳು ಬಂದಾಗ ವಿದ್ಯಾರ್ಥಿಗಳು ಅರ್ಥವನ್ನು ಬರೆದುಕೊಳ್ಳುತ್ತಿದ್ದರು. ವಸ್ತು ಮಾತ್ರ ಅವರ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಆ ವಸ್ತುವನ್ನು ಕಣ್ಣಾರೆ ಕಂಡು, ಬೆರಳಿನಿಂದ ಮುಟ್ಟಿ ಬೆಳೆದ ತಲೆಮಾರಿನವಳು ನಾನು. ಆದ್ದರಿಂದ ಮನೆಯಲ್ಲಿ ಕೈಚೀಲ ಹೊಲಿಯುವುದನ್ನು ಕುರಿತು ಮಾತನಾಡಬೇಕೆಂದಾಗ, ಪಾಠ ಹೇಳಿ ನಿವೃತ್ತಳಾದವಳಿಗೆ ಹೊಲಿಗೆಯ ಗೊಡವೆ ಏಕೆಂದು ಹಿಂದೆಗೆಯದೆ ಒಪ್ಪಿಕೊಂಡೆ.

ಇಕ್ಕೇರಿ ಸೀಮೆಯಲ್ಲಿ, ಎಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಈ ಅಡಿಕೆಯ ನಾಡಿನಲ್ಲಿ, ಚೀಲಕ್ಕೆ ಇದ್ದ ಹೆಸರುಗಳು ಒಂದೆರಡಲ್ಲ. ಕೆಳದಿಯ ಅರಸರು ಇಕ್ಕೇರಿಯಿಂದ ಆಳುತ್ತಿದ್ದ ಕಾಲದ ಇಕ್ಕೇರಿ ವರಹದ ಹೆಸರನ್ನು ತಾವು ಕೇಳಿರುತ್ತೀರಿ. ನಾಣ್ಯವನ್ನು ತುಂಬಿ ಸೊಂಟಕ್ಕೆ ಸುತ್ತಿಕೊಳ್ಳುವ ಉದ್ದನೆಯ ಚೀಲಕ್ಕೆ ಹಮ್ಮಿಣಿ ಎಂದು ಹೆಸರು. ಭತ್ತ ತುಂಬುವುದು ಗೋಣಿ, ಪೇಟೆಗೆ ಹೋಗುವುದು ಕೈಚೀಲ, ಕವಳ ಹಾಕುವವರ ಸೊಂಟದಲ್ಲಿ ಸಂಚಿ. ನಮ್ಮ ಅಜ್ಜಿಯ ಸಂಚಿ ಮಡಿಸಿದರೆ ಅಂಗೈಯಷ್ಟು, ಬಿಡಿಸಿದರೆ ಮೊಳದುದ್ದ. ಎಲೆಗೊಂದು ಅರೆ, ಅಡಿಕೆಗೊಂದು, ಹೊಗೆಸೊಪ್ಪಿಗೊಂದು, ಸುಣ್ಣದ ಡಬ್ಬಿಗೆ ಒಂದು ಸಣ್ಣ ಗೂಡು. ಬಾಯಿಯ ಅಂಚಿನಲ್ಲಿ ಎರಡು ದಾರಗಳು ಎದುರುಬದುರಾಗಿ ಓಡುತ್ತಿದ್ದುವು. ಎರಡನ್ನೂ ಒಟ್ಟಿಗೆ ಎಳೆದರೆ ಬಾಯಿ ಮುಚ್ಚುತ್ತಿತ್ತು. ಕತ್ತಲೆಯಲ್ಲಿಯೂ ಆಕೆಯ ಬೆರಳು ತಪ್ಪದೆ ಅಡಿಕೆಯ ಅರೆಗೇ ಹೋಗುತ್ತಿತ್ತು. ಒಳ್ಳೆಯ ಚೀಲಕ್ಕೆ ಇದಕ್ಕಿಂತ ಬೇರೆ ಲಕ್ಷಣ ಹೇಳುವುದು ಕಷ್ಟ. ಕಣ್ಣಿನ ಸಹಾಯವಿಲ್ಲದೆ ಕೈಗೆ ಬೇಕಾದದ್ದು ಸಿಕ್ಕಬೇಕು.

ಈಗಿನ ಹೆಣ್ಣುಮಕ್ಕಳು 'ಡಿಸೈನರ್ ಬ್ಯಾಗ್' ಎಂದು ಕರೆಯುವ ಚೀಲಗಳ ಬೆಲೆ ಕೇಳಿದರೆ ನಮ್ಮಂಥವರಿಗೆ ತೋಟದ ಕ್ರಯಪತ್ರ ನೆನಪಾಗುತ್ತದೆ. ಆದರೆ ಅವುಗಳ ಹುಟ್ಟಿನ ಕತೆ ಕೇಳಿದರೆ ಅಷ್ಟು ದೂರದವು ಎನ್ನಿಸುವುದಿಲ್ಲ. ಅನಾಥಾಲಯದಲ್ಲಿ ಬೆಳೆದು ಹೊಲಿಗೆಯಿಂದಲೇ ಮೇಲೆ ಬಂದ ಕೊಕೊ ಶನೆಲ್ ಎಂಬಾಕೆ 1955ರ ಫೆಬ್ರುವರಿಯಲ್ಲಿ ಒಂದು ಚೀಲವನ್ನು ಹೊರತಂದಳು. ತಿಂಗಳು ಎರಡು, ಇಸವಿ ಐವತ್ತೈದು; ಆದ್ದರಿಂದ ಅದರ ಹೆಸರು 2.55. ಅದುವರೆಗೆ ಅಲ್ಲಿಯ ಸಿರಿವಂತ ಹೆಂಗಸರು ಚೀಲವನ್ನು ಕೈಯಲ್ಲಿಯೇ ಹಿಡಿದಿರಬೇಕಾಗಿತ್ತು. ಶನೆಲ್ ಅದಕ್ಕೆ ಸರಪಳಿ ಹಾಕಿ ಹೆಗಲಿಗೆ ಏರಿಸಿದಳು. ಎರಡು ಕೈಗಳಿಗೂ ಬಿಡುವಾಯಿತು. ಮೈಯೆಲ್ಲ ಓರೆ ಚೌಕಗಳ ಒತ್ತು ಹೊಲಿಗೆ. ಅದನ್ನು ನೋಡಿದರೆ ನಮ್ಮ ಕಡೆಯ ಯಾರಿಗಾದರೂ ಕೌದಿ ಎನ್ನಿಸೀತು. ಇನ್ನೊಂದು ಚೀಲದ ಕತೆಯೂ ಪ್ರಸಿದ್ಧವಾದದ್ದೇ. ಜೇನ್ ಬರ್ಕಿನ್ ಎಂಬ ನಟಿ ಎಲ್ಲಿ ಹೋದರೂ ಹೆಣೆದ ಬುಟ್ಟಿಯನ್ನೇ ಒಯ್ಯುತ್ತಿದ್ದಳು. ವಿಮಾನದಲ್ಲಿ ಅದರೊಳಗಿನ ಸಾಮಾನು ಚೆಲ್ಲಿತು; ಪಕ್ಕದಲ್ಲಿ ಕುಳಿತಿದ್ದವರು ಹರ್ಮೀಸ್ ಸಂಸ್ಥೆಯ ಮುಖ್ಯಸ್ಥರು. ಮಗುವಿನ ತಾಯಿಗೆ ತಕ್ಕ ಚೀಲವೇ ಪೇಟೆಯಲ್ಲಿ ಸಿಕ್ಕುವುದಿಲ್ಲವೆಂದು ಆಕೆ ಹೇಳಿದಳಂತೆ. 1984ರಲ್ಲಿ ಆಕೆಯ ಹೆಸರಿನ ಚೀಲ ಸಿದ್ಧವಾಯಿತು. ಆಕೆಗೆಂದು ಮಾಡಿದ ಆ ಮೊದಲನೆಯ ಚೀಲವೇ 2025ರ ಜುಲೈಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 86 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅಷ್ಟು ಹಣ ಬಂದದ್ದು ಚರ್ಮಕ್ಕಲ್ಲ, ಹೊಲಿಗೆಗೂ ಅಲ್ಲ. ಅದು ಹೆಸರಿನ ಬೆಲೆ. ಅಜ್ಜಿಯ ಸಂಚಿಯಂತೆ ಆ ಚೀಲಗಳೂ ಹುಟ್ಟಿದ್ದು ಒಬ್ಬ ಹೆಂಗಸಿನ ನಿತ್ಯದ ತೊಡಕಿನಿಂದ ಎಂಬುದಷ್ಟೇ ನಮಗೆ ಪ್ರಯೋಜನಕ್ಕೆ ಬರುವ ಮಾತು.

ಹಾಗಾದರೆ ಅಂಥ ಚೀಲವನ್ನು ಚಿತ್ರದಲ್ಲಿ ನೋಡಿ ಮನೆಯಲ್ಲಿ ಹೊಲಿದುಕೊಳ್ಳಬಹುದೆ? ಈ ಪ್ರಶ್ನೆಯನ್ನು ನನಗೆ ಕೇಳಿದವರು ನನ್ನ ಹಳೆಯ ವಿದ್ಯಾರ್ಥಿನಿ. ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ ಹೊಲಿಗೆಯಿಂದಲೇ ಮನೆ ನಡೆಸುತ್ತಿರುವ ಹೆಣ್ಣುಮಗಳು. ಅಂಗಡಿಯವರೊಬ್ಬರು ಒಂದು ಚಿತ್ರ ಕೊಟ್ಟು, ಮುಂಗಡವನ್ನೂ ಕೊಟ್ಟು, ಇಂಥದೇ 12 ಚೀಲ ಬೇಕು, ಮುಂದುಗಡೆ ಈ ಹಿತ್ತಾಳೆಯ ಗುರುತನ್ನೂ ಕೂರಿಸಬೇಕು ಎಂದಿದ್ದರು. ಮುಂಗಡದ ಹಣ ಆಗಲೇ ಮಗಳ ಶಾಲೆಯ ಶುಲ್ಕವಾಗಿ ಹೋಗಿತ್ತು. "ಮೇಡಂ, ಚಿತ್ರ ನೋಡಿ ಹೊಲಿದ್ರೆ ಅದು ಕದ್ದಂಗೆ ಆಗ್ತದಾ?" ಎಂದು ಆಕೆ ಕೇಳಿದಾಗ ಅದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ.

ನನಗೆ ತಿಳಿದಿದ್ದ ಶಾಸ್ತ್ರ ಕಾವ್ಯಶಾಸ್ತ್ರ. ಹಿಂದಿನವರು ಹೇಳಿದ್ದನ್ನು ಇಂದಿನವರು ಎಷ್ಟರಮಟ್ಟಿಗೆ ಎತ್ತಿಕೊಳ್ಳಬಹುದೆಂಬ ಪ್ರಶ್ನೆ ಕವಿಗಳಿಗೂ ಇದ್ದೇ ಇತ್ತು. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ ಇದನ್ನು ವಿಚಾರಿಸಿ, ಎರಡು ಕೃತಿಗಳ ನಡುವಣ ಹೋಲಿಕೆ ಮೂರು ಬಗೆಯದೆಂದು ಹೇಳಿದ್ದಾನೆ. ಒಂದು ಪ್ರತಿಬಿಂಬದಂಥದು: ಕನ್ನಡಿಯಲ್ಲಿ ಕಾಣುವ ಮುಖಕ್ಕೆ ತನ್ನದೆಂಬ ಜೀವವೇ ಇಲ್ಲ. ಎರಡನೆಯದು ಆಲೇಖ್ಯದಂಥದು, ಎಂದರೆ ಚಿತ್ರದಂಥದು: ಬಣ್ಣ ಬೇರೆ, ಹಲಗೆ ಬೇರೆ, ಆದರೂ ಜೀವ ತುಚ್ಛವಾದದ್ದು. ಮೂರನೆಯದು ತುಲ್ಯದೇಹಿ: ಒಬ್ಬ ಮನುಷ್ಯನನ್ನು ಇನ್ನೊಬ್ಬ ಮನುಷ್ಯ ಹೋಲುವ ಹಾಗೆ. ಮೈಕಟ್ಟು ಹೋಲುತ್ತದೆ, ಒಳಗಿನ ಜೀವ ಅವನವನದೇ. ಮೊದಲಿನ ಎರಡನ್ನೂ ಕವಿ ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ ಎಂಬುದು ಆನಂದವರ್ಧನನ ತೀರ್ಪು. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯ ಜೊತೆ ವರ್ಷಗಳನ್ನು ಕಳೆದವರಿಗೆ ಧ್ವನಿಸಿದ್ಧಾಂತ ಹೊಸದಲ್ಲ. ಅದನ್ನು ಹೊಲಿಗೆ ಯಂತ್ರದ ಮೇಲಿಟ್ಟು ನೋಡುವ ಪ್ರಸಂಗ ನನಗಂತೂ ಅದೇ ಮೊದಲು.

ಹಿತ್ತಾಳೆಯ ಗುರುತು ಕೂರಿಸಿದ ಚೀಲ ಪ್ರತಿಬಿಂಬ. ನೋಡುವವರಿಗೆ ಅದು ಬೇರೊಬ್ಬರ ವಸ್ತುವೆಂದು ಹೇಳುವುದೇ ಅದರ ಕೆಲಸ. ಆ ಗುರುತನ್ನು ಕಿತ್ತರೆ ಉಳಿಯುವುದು ಶೂನ್ಯ. ಕಾನೂನೂ ಇಲ್ಲಿ ಕಾವ್ಯಶಾಸ್ತ್ರದ ಪಕ್ಕದಲ್ಲಿಯೇ ನಿಲ್ಲುತ್ತದೆ. ನೋಂದಾಯಿತ ಹೆಸರು, ಗುರುತುಗಳು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ ರಕ್ಷಣೆಯಲ್ಲಿರುತ್ತವೆ. ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋದರೆ ಆ ರಕ್ಷಣೆಗೆ ಕೊನೆಯೇ ಇಲ್ಲ. ಹೊಸ ಆಕಾರವನ್ನು 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ ಮೊದಲು 10 ವರ್ಷ, ಬೇಕಾದರೆ ಮತ್ತೆ 5 ವರ್ಷ ಅದು ಒಡೆಯನದು. ಕೆಲವು ಆಕಾರಗಳನ್ನು ಚಿಹ್ನೆಯೆಂದೂ ನೋಂದಾಯಿಸಿಕೊಂಡಿರುತ್ತಾರೆ. ಆ ಸೂಕ್ಷ್ಮಗಳನ್ನು ವಕೀಲರಿಗೆ ಬಿಡೋಣ. ಆದರೆ ಬಟ್ಟೆಯ ಮೂರು ಪದರಗಳನ್ನು ಸೇರಿಸಿ ಒತ್ತು ಹೊಲಿಗೆ ಹಾಕುವುದು, ಚೀಲವನ್ನು ಹೆಗಲಿಗೆ ಹಾಕಿಕೊಳ್ಳುವುದು, ತಳವನ್ನು ಅಗಲ ಮಾಡುವುದು, ಇವು ಯಾರೊಬ್ಬರ ಸೊತ್ತೂ ಅಲ್ಲ. ಆಕೆ ಗುರುತಿಲ್ಲದೆ ತನ್ನ ಲೆಕ್ಕದಲ್ಲಿಯೇ 12 ಚೀಲ ಹೊಲಿದರು. ಅಂಗಡಿಯವರು ತೆಗೆದುಕೊಂಡದ್ದು 5. ಉಳಿದ 7 ಚೀಲಗಳು ಒಂದೊಂದಾಗಿ ಶಾಲೆಯ ಅಧ್ಯಾಪಿಕೆಯರಿಗೆ ಮಾರಾಟವಾಗುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಆ ನಾಲ್ಕು ತಿಂಗಳನ್ನು ಆಕೆ ಹೇಗೆ ಕಳೆದರೆಂಬುದನ್ನು ನಾನು ಬಲ್ಲೆ; ನ್ಯಾಯವಾದ ಮಾರ್ಗ ಅಗ್ಗದ್ದೆಂದು ಹೇಳುವ ಧೈರ್ಯ ನನಗಿಲ್ಲ.

ಇನ್ನು ಹೊಲಿಗೆಯ ಮಾತು. ನಮ್ಮ ಮಲೆನಾಡಿನಲ್ಲಿ ಚೀಲಕ್ಕೆ ಚರ್ಮಕ್ಕಿಂತ ಬಟ್ಟೆಯೇ ಲೇಸು. ಆರಿದ್ರಾ ಮಳೆ ಹಿಡಿಯಿತೆಂದರೆ ಬೀರುವಿನೊಳಗಿನ ಚರ್ಮದ ಮೇಲೂ ಬೂಷ್ಟು ಬರುತ್ತದೆ. ಒರೆಸಿದರೆ ಹೋಗುತ್ತದೆ, ಎಂಟು ದಿನಕ್ಕೆ ಮತ್ತೆ ಬರುತ್ತದೆ. ಬಟ್ಟೆಯನ್ನಾದರೆ ಒಗೆಯಬಹುದು. ಹೊರಮೈಗೆ ದಪ್ಪ ಕೈಮಗ್ಗದ ಹತ್ತಿಬಟ್ಟೆ ಸಾಕು. 1990ರ ದಶಕದಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಪ್ರಯತ್ನದಿಂದ ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘದವರು ನಮ್ಮ ಸೀಮೆಯ ಅಡಿಕೆಯ ಚೊಗರಿನಿಂದಲೇ ಬಟ್ಟೆಗೆ ಬಣ್ಣ ಕಟ್ಟುವುದನ್ನು ರೂಢಿಸಿದರು. ಹಸಿ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಕೆಂಪು ರಸ ಅದು. ಅದರಿಂದ ಏಳುವ ಕಂದುಗೆಂಪು ಬಣ್ಣ ಈ ನೆಲದ ಮಣ್ಣಿನ ಹಾಗೆಯೇ ಇರುತ್ತದೆ. ಧೂಳು ಕಾಣುವುದಿಲ್ಲವೆಂಬುದು ಅದರ ಇನ್ನೊಂದು ಗುಣ.

ಸಿದ್ಧವಾದಾಗ 14 ಅಂಗುಲ ಅಗಲ, 11 ಅಂಗುಲ ಎತ್ತರ, ತಳ 4 ಅಂಗುಲ ಇರುವ ಚೀಲವೆಂದು ಇಟ್ಟುಕೊಳ್ಳೋಣ. ಒಂದು ದಪ್ಪ ಪುಸ್ತಕ, ಕನ್ನಡಕ, ನೀರಿನ ಬಾಟಲಿ ಹಿಡಿಸುವಷ್ಟು. ಮೊದಲು ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಬೇಕು. ಕೈಮಗ್ಗದ ಬಟ್ಟೆ ಕುಗ್ಗುವುದಿದ್ದರೆ ಕತ್ತರಿ ಹಾಕುವ ಮೊದಲೇ ಕುಗ್ಗಿಬಿಡಲಿ. 36 ಅಂಗುಲ ಪನ್ನೆಯ ಬಟ್ಟೆಯಾದರೆ ಒಂದೂಕಾಲು ಮೀಟರ್ ಧಾರಾಳವಾಗಿ ಸಾಕು. ಒಂದು ಮೀಟರಿನಲ್ಲಿಯೂ ಹೊಂದಿಸಬಹುದು. ಆದರೆ ಹಿಡಿಕೆಯ ಪಟ್ಟಿಗಳನ್ನು ಅಡ್ಡಲಾಗಿ ಕತ್ತರಿಸಬಾರದು. ಭಾರ ಹೊರುವ ಪಟ್ಟಿ ಹಾಸಿನ ಎಳೆಯ ಉದ್ದಕ್ಕೆ ಇದ್ದರೆ ಮಾತ್ರ ಜಗ್ಗುವುದಿಲ್ಲ.

ಚೀಲದ ಎರಡು ಮೈಗಳ ಅಳತೆ ಹೀಗೆ. ಅಗಲಕ್ಕೆ 14, ತಳಕ್ಕೆ 4, ಹೊಲಿಗೆಗೆ ಎರಡು ಬದಿಯಲ್ಲಿ ಅರ್ಧರ್ಧ ಅಂಗುಲ, ಒಟ್ಟು 19. ಎತ್ತರಕ್ಕೆ 11, ತಳದ ಅರ್ಧಪಾಲು 2, ಹೊಲಿಗೆಗೆ 1, ಒಟ್ಟು 14. ಆದರೆ ಇಷ್ಟಕ್ಕೇ ಕತ್ತರಿಸಬಾರದು. ಒತ್ತು ಹೊಲಿಗೆ ಬಟ್ಟೆಯನ್ನು ಎಲ್ಲ ಕಡೆಯಿಂದಲೂ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು 21 ಅಂಗುಲಕ್ಕೆ 16 ಅಂಗುಲದ ತುಂಡುಗಳನ್ನು ತೆಗೆದು, ಹೊಲಿಗೆಯೆಲ್ಲ ಮುಗಿದ ಮೇಲೆ 19ಕ್ಕೆ 14ರಂತೆ ಸಮ ಮಾಡಿಕೊಳ್ಳಬೇಕು. ಪುಸ್ತಕ ನೋಡಿ ಹೊಲಿಯುವವರ ಚೀಲ ಹೇಳಿದ ಅಳತೆಗೆ ಬಾರದಿರುವುದಕ್ಕೆ ಬಹುಮಟ್ಟಿಗೆ ಕಾರಣ ಇದೇ.

ಹೊರಬಟ್ಟೆ, ನಡುವೆ ಹಳೆಯ ಹತ್ತಿಯ ಹೊದಿಕೆಯ ತುಂಡು, ಅಡಿಯಲ್ಲಿ ತೆಳುವಾದ ಹಳೆಯ ಸೀರೆಯ ಬಟ್ಟೆ. ಈ ಮೂರು ಪದರಗಳನ್ನು ಉದ್ದನೆಯ ಕಚ್ಚಾ ಹೊಲಿಗೆಯಿಂದ ಸೇರಿಸಿ, ಮೇಲೆ ಸೀಮೆಸುಣ್ಣದಿಂದ ಎರಡೆರಡು ಅಂಗುಲಕ್ಕೆ ಓರೆಗೆರೆ ಎಳೆದು ಚೌಕಗಳನ್ನು ಮಾಡಬೇಕು. ಹೊಲಿಗೆಯನ್ನು ನಡುವಿನ ಗೆರೆಯಿಂದ ಆರಂಭಿಸಿ ಅಂಚಿನ ಕಡೆಗೆ ಸರಿಯುತ್ತ ಹೋಗಬೇಕು. ಅಂಚಿನಿಂದ ಆರಂಭಿಸಿದರೆ ಹೆಚ್ಚಾದ ಬಟ್ಟೆಗೆ ಹೊರಹೋಗುವ ದಾರಿಯಿಲ್ಲದೆ ನಡುವೆ ಸುಕ್ಕಾಗಿ ಕೂರುತ್ತದೆ. ಇಲ್ಲಿ ಒಂದು ಮಾತು. ನಮ್ಮ ನೆರೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸಿದ್ದಿ ಹೆಂಗಸರು ಕವಂದಿ ಹೊಲಿಯುವಾಗ ಅಂಚಿನಿಂದಲೇ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಅವರು ಹಳೆಯ ಬಟ್ಟೆಯ ತುಂಡುಗಳನ್ನು ಹೊಲಿಯುತ್ತಲೇ ಜೋಡಿಸಿಕೊಂಡು ಹೋಗುವುದರಿಂದ ಸುಕ್ಕು ಬರುವೆಡೆಯಲ್ಲಿ ಮುಂದಿನ ತುಂಡನ್ನು ಮಡಿಸಿ ಸರಿಪಡಿಸಿಕೊಳ್ಳಬಲ್ಲರು. ನಾಲ್ಕು ಮೂಲೆಗಳಲ್ಲಿ ಹೂವೆಂದು ಕರೆಯುವ ಸಣ್ಣ ಮಡಿಕೆಗಳನ್ನು ಇಡದೆ ಕವಂದಿಯನ್ನು ಮುಗಿಸುವುದಿಲ್ಲ. ಇಡೀ ಬಟ್ಟೆಯ ಮೇಲೆ ಹೊಲಿಯುವ ನಮಗೆ ಅವರ ಕ್ರಮ ಹೊಂದದು. ಆದರೂ ಒತ್ತು ಹೊಲಿಗೆಯೆಂದರೆ ಪ್ಯಾರಿಸ್ಸಿನಿಂದಲೇ ಬರಬೇಕೆಂದು ತಿಳಿದವರು ಒಮ್ಮೆ ಒಂದು ಕವಂದಿಯನ್ನು ಕೈಯಲ್ಲಿ ಹಿಡಿದು ನೋಡಬೇಕು.

ಮನೆಯ ಕಾಲುತುಳಿತದ ಯಂತ್ರದಲ್ಲಿ ಈ ಕೆಲಸ ಧಾರಾಳವಾಗಿ ಆಗುತ್ತದೆ. ಸೂಜಿ ಮಾತ್ರ 16ನೆಯ ನಂಬರಿನದಿರಲಿ, ಹೊಲಿಗೆ ಕೊಂಚ ಉದ್ದವಿರಲಿ. ಬದಿ ಮತ್ತು ತಳಗಳನ್ನು ಒಳಮೈ ಹೊರಗಿರುವಂತೆ ಹೊಲಿದ ಮೇಲೆ ತಳದ ಮೂಲೆಯನ್ನು ಹಿಡಿದು, ಬದಿಯ ಹೊಲಿಗೆ ತಳದ ಹೊಲಿಗೆಯ ನೇರ ಮೇಲೆ ಬರುವಂತೆ ಚಪ್ಪಟೆ ಮಾಡಿ. ಒಂದು ತ್ರಿಕೋಣವಾಗುತ್ತದೆ. ಅದರ ತುದಿಯಿಂದ, ಎಂದರೆ ಹೊಲಿಗೆಗಳು ಕೂಡುವ ಬಿಂದುವಿನಿಂದ, 2 ಅಂಗುಲ ಒಳಗೆ ಅಡ್ಡಗೆರೆ ಎಳೆದರೆ ಆ ಗೆರೆಯ ಉದ್ದ ಸರಿಯಾಗಿ 4 ಅಂಗುಲ ಬರುತ್ತದೆ. ಅದರ ಮೇಲೆ ಎರಡು ಸಲ ಹೊಲಿದು, ಆಚೆಯ ತುದಿಯನ್ನು ಕತ್ತರಿಸಿದರಾಯಿತು. ಇನ್ನೊಂದು ಮೂಲೆಯೂ ಹೀಗೆಯೇ. ಚಪ್ಪಟೆಯಾಗಿದ್ದ ಚೀಲ ಈಗ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಲೆಕ್ಕವನ್ನು ಮೊದಲೇ ಬಲ್ಲವರಿಗೂ ಈ ಗಳಿಗೆಯಲ್ಲಿ ಸಣ್ಣದೊಂದು ಸಂತೋಷವಾಗದೆ ಇರದು.

ಹಿಡಿಕೆಗೆ 4 ಅಂಗುಲ ಅಗಲ, 26 ಅಂಗುಲ ಉದ್ದದ ಎರಡು ಪಟ್ಟಿಗಳು. ನಾಲ್ಕು ಮಡಿಕೆ ಮಾಡಿದರೆ ಒಂದಂಗುಲದ ಗಟ್ಟಿ ಪಟ್ಟಿಯಾಗುತ್ತದೆ. ನಡುಗೆರೆಯಿಂದ ಎರಡು ಬದಿಗೂ 3 ಅಂಗುಲ ದೂರದಲ್ಲಿ ಅವನ್ನು ಸೇರಿಸಬೇಕು.

ಒಳಗಿನ ಅಸ್ತರಿನ ಕಡೆ ಮಾತ್ರ ನಾನು ಚಿತ್ರದ ಚೀಲವನ್ನು ಬಿಟ್ಟು ಅಜ್ಜಿಯ ಸಂಚಿಯ ಕಡೆಗೆ ತಿರುಗುತ್ತೇನೆ. ಪೇಟೆಯ ದುಬಾರಿ ಚೀಲಗಳ ಒಳಗೆ ಕೈ ಹಾಕಿ ಬೀಗದ ಕೈ ಹುಡುಕುವವರನ್ನು ಬಸ್‌ಸ್ಟ್ಯಾಂಡಿನಲ್ಲಿ ತಾವೂ ನೋಡಿರಬಹುದು. ಅಸ್ತರಿನ ಒಂದು ಮೈಯ ಮೇಲೆ 7 ಅಂಗುಲ ಎತ್ತರದ ಬಟ್ಟೆಯನ್ನು ಉದ್ದಕ್ಕೂ ಕೂರಿಸಿ, ಮೇಲಿನಿಂದ ಕೆಳಕ್ಕೆ ಮೂರು ಹೊಲಿಗೆ ಹಾಕಿದರೆ ನಾಲ್ಕು ಅರೆಗಳಾಗುತ್ತವೆ. ಎಲೆಯ ಜಾಗಕ್ಕೆ ಮೊಬೈಲು, ಅಡಿಕೆಯ ಜಾಗಕ್ಕೆ ಕನ್ನಡಕ, ಹೊಗೆಸೊಪ್ಪಿನ ಜಾಗಕ್ಕೆ ನಮ್ಮ ವಯಸ್ಸಿನವರ ರಕ್ತದೊತ್ತಡದ ಮಾತ್ರೆ, ಸುಣ್ಣದ ಡಬ್ಬಿಯ ಗೂಡಿಗೆ ಬೀಗದ ಕೈ. ಅರೆಗಳ ಅಗಲ ಸಮನಾಗಿರಕೂಡದು. ಬೇರೆ ಬೇರೆ ಇದ್ದರೆ ಬೆರಳಿಗೆ ಗುರುತು ಸಿಕ್ಕುತ್ತದೆ. ಇಷ್ಟಾದರೆ ಚೀಲ ತುಲ್ಯದೇಹಿಯಾಯಿತೆನ್ನಬಹುದು.

ಅಲಂಕಾರದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ನಮ್ಮ ಸೀಮೆಯ ದೀವರ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಒಯ್ಯುವ ಬುಟ್ಟಿಯ ಮೇಲೂ ಅದೇ ಚಿತ್ತಾರ. ಈಗ ಅದು ಚೀಲ, ಸೀರೆ, ದೀಪದ ಹೊದಿಕೆಗಳ ಮೇಲೆಲ್ಲ ಕಾಣಿಸುತ್ತಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದ ಪ್ರದರ್ಶನದಲ್ಲಿ ನಮ್ಮ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ನಮ್ಮಲ್ಲಿ ದೊಡ್ಡ ಕೂಗೆದ್ದಿತು. ಆಮೇಲೆ ಸಂಸ್ಥೆ ಮೂಲವನ್ನು ಒಪ್ಪಿಕೊಂಡಿತು. 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಕೂಗಿದ್ದು ಸರಿಯೇ. ಆದರೆ ನೆರೆಮನೆಯ ದೀವರ ಗೋಡೆಯ ಚಿತ್ತಾರವನ್ನು ಫೋಟೋ ತೆಗೆದು, ಅಚ್ಚು ಹಾಕಿಸಿ, ಬರೆದವಳ ಹೆಸರು ಹೇಳದೆ ಮಾರುವ ನಮ್ಮ ಪೇಟೆಯವರ ಮೇಲೆ ಯಾರೂ ಕೂಗಿದ್ದನ್ನು ನಾನು ಕೇಳಿಲ್ಲ. ಚೀಲದ ಮೇಲೆ ಚಿತ್ತಾರ ಬೇಕೆನ್ನುವವರು ಬರೆಯಬಲ್ಲವಳ ಕೈಯಿಂದ ಬರೆಯಿಸಿ, ಹಣ ಕೊಟ್ಟು, ಕೇಳಿದವರಿಗೆ ಆಕೆಯ ಹೆಸರನ್ನು ಹೇಳಲಿ.

ಕೊನೆಯ ಜೋಡಣೆ ಒಂದು ಸಣ್ಣ ಕಣ್ಕಟ್ಟಿನಂತಿದೆ. ಅಸ್ತರಿನ ಎರಡು ಮೈಗಳನ್ನೂ ಹೊರಚೀಲದಂತೆಯೇ ಹೊಲಿಯಬೇಕು, ಹೊಲಿಗೆಯನ್ನು ಒಂದು ಗೆರೆಯಷ್ಟು ಒಳಗೆ ತೆಗೆದುಕೊಂಡು. ಆಗ ಅಸ್ತರು ಕೂದಲೆಳೆಯಷ್ಟು ಚಿಕ್ಕದಾಗಿ, ಒಳಗೆ ಜೋಲದೆ ಕೂರುತ್ತದೆ. ಅದರ ತಳದಲ್ಲಿ ಮಾತ್ರ 6 ಅಂಗುಲದಷ್ಟು ಹೊಲಿಯದೆ ಬಿಡಬೇಕು. ಹೊರಚೀಲವನ್ನು ಅದರ ಒಳಗೆ, ಚೆಂದದ ಮೈಗಳು ಒಂದನ್ನೊಂದು ನೋಡುವಂತೆ ಇಳಿಸಿ, ನಡುವೆ ಹಿಡಿಕೆಗಳನ್ನು ತಲೆಕೆಳಗಾಗಿ ಸೇರಿಸಿ, ಬಾಯಿಯ ಸುತ್ತ ಹೊಲಿದು, ಆ ಕಂಡಿಯಿಂದ ಇಡೀ ಚೀಲವನ್ನು ಹೊರಗೆ ಎಳೆಯಬೇಕು. ಹಿಡಿಕೆಯ ಬುಡದಲ್ಲಿ ಚೌಕವೊಂದನ್ನು ಹೊಲಿದು, ಮೂಲೆಯಿಂದ ಮೂಲೆಗೆ ಅಡ್ಡಹೊಲಿಗೆ ಹಾಕಿದರೆ ಭಾರಕ್ಕೆ ಅಂಜಬೇಕಾಗಿಲ್ಲ. ಕಂಡಿಯನ್ನು ಕೈಹೊಲಿಗೆಯಿಂದ ಮುಚ್ಚಿ. ಬಾಯಿಗೆ ಜಿಪ್ ಹಾಕಲು ಬಾರದವರು ಸಂಚಿಯ ಉಪಾಯವನ್ನೇ ಅನುಸರಿಸಬಹುದು: ಬಾಯಿ ಹೊಲಿಯುವ ಮೊದಲು ಅಸ್ತರಿಗೆ 5 ಅಂಗುಲ ಎತ್ತರದ ತೆಳುಬಟ್ಟೆಯ ಕೊರಳೊಂದನ್ನು ಸೇರಿಸಿ, ಅದರ ಮೇಲಂಚಿನ ಮಡಿಕೆಯಲ್ಲಿ ಎರಡು ದಾರಗಳನ್ನು ಎದುರುಬದುರಾಗಿ ಪೋಣಿಸಿಟ್ಟರಾಯಿತು.

ಮಳೆಗಾಲದಲ್ಲಿ ಒಗೆದ ಚೀಲ ಒಣಗಲು ನಮ್ಮಲ್ಲಿ ಮೂರು ದಿನವಾದರೂ ಬೇಕು. ನಡುವಿನ ಪದರ ನೀರು ಹಿಡಿದುಕೊಂಡಿರುತ್ತದೆ. ಒಳಹೊರಗು ತಿರುವಿ ಬಚ್ಚಲೊಲೆಯ ಕಾವು ತಾಗುವ ಕಡೆ ಹಗ್ಗಕ್ಕೆ ಹಾಕುವುದು ಒಳ್ಳೆಯದು. ಬಳಸದೆ ಇಡುವಾಗ ಮಡಿಸಬಾರದು, ಮಡಿಸಿದ ಗೆರೆಯಲ್ಲೇ ಬಟ್ಟೆ ಹಿಸಿಯುವುದು ಮೊದಲಾಗುತ್ತದೆ. ಹಳೆಯ ಪತ್ರಿಕೆಯ ಉಂಡೆಗಳನ್ನು ತುಂಬಿ, ಒಂದು ಹಿಡಿ ಲಾವಂಚದ ಬೇರನ್ನು ಒಳಗಿಟ್ಟು, ಗಾಳಿಯಾಡುವ ಗೋಡೆಯ ಗೂಟಕ್ಕೆ ತೂಗುಹಾಕಬೇಕು.